ಗುಳ್ಳೆ ನಿಂತರೆ ವೈನ್ ಆಯಿತೇ?

ಮನೆಯಲ್ಲಿ ಹಣ್ಣಿನ ವೈನ್ ಹಾಕಿಟ್ಟವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ಹುದುಗುವುದು ಮುಗಿದಿದೆಯೇ, ಇಲ್ಲವೇ? ಅವಸರಪಟ್ಟು ಬಾಟಲಿಗೆ ತುಂಬಿದರೆ ಗಾಜು ಸಿಡಿಯುತ್ತದೆ. ಮುಗಿದ ಮೇಲೂ ಅರ್ಧ ಖಾಲಿ ಜಾಡಿಯಲ್ಲಿ ಬಿಟ್ಟರೆ ವಿನೆಗರ್ ಆಗುತ್ತದೆ. ಎರಡು ಕಡೆಯೂ ನಷ್ಟವಿರುವುದರಿಂದ ಈ ಬಗ್ಗೆ ಬಂದ ಪ್ರಶ್ನೆಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: 2 ಕೆ.ಜಿ. ಕಪ್ಪು ದ್ರಾಕ್ಷಿ, 2 ಕೆ.ಜಿ. ಸಕ್ಕರೆ, 4 ಲೀಟರ್ ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಒಂದು ಚಮಚ ಬ್ರೆಡ್ ಯೀಸ್ಟ್ ಹಾಕಿ ಜಾಡಿಯಲ್ಲಿಟ್ಟಿದ್ದೆ. ಇವತ್ತಿಗೆ 21 ದಿನ. ಗುಳ್ಳೆ ಪೂರ್ತಿ ನಿಂತಿದೆ, ಆದರೆ ಪಾನಕದಷ್ಟು ಸಿಹಿ ಇದೆ. ಬಾಟಲಿಗೆ ತುಂಬಬಹುದೇ?
— ಓದುಗರು, ಬನ್ನಿಮಂಟಪ, ಮೈಸೂರು

ಉತ್ತರ: ತುಂಬಬೇಡಿ. ನಿಮ್ಮ ವೈನ್ ನಿಂತಿದೆ, ಮುಗಿದಿಲ್ಲ. ಈ ಎರಡು ಮಾತಿನ ವ್ಯತ್ಯಾಸದಲ್ಲೇ ಎಲ್ಲವೂ ಇದೆ.

ಲೆಕ್ಕ ಹಾಕಿ ನೋಡಿ. 2 ಕೆ.ಜಿ. ದ್ರಾಕ್ಷಿಯಿಂದ ಸುಮಾರು ಒಂದೂವರೆ ಲೀಟರ್ ರಸ, ಅದರಲ್ಲಿ 260 ಗ್ರಾಂ ಆಸುಪಾಸಿನ ಸಕ್ಕರೆ. ಅದಕ್ಕೆ ನೀವು ಹಾಕಿದ 2 ಕೆ.ಜಿ. ಸೇರಿಸಿ. ಸಕ್ಕರೆ ಕರಗಿದಾಗ ತಾನೂ ಜಾಗ ಹಿಡಿಯುವುದರಿಂದ ಒಟ್ಟು ಆರೂಮುಕ್ಕಾಲು ಲೀಟರ್ ಆಗುತ್ತದೆ. ಅಂದರೆ ಲೀಟರಿಗೆ ಹತ್ತಿರ ಹತ್ತಿರ 335 ಗ್ರಾಂ ಸಕ್ಕರೆ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ಹಾಗಾಗಿ ಇದನ್ನೆಲ್ಲ ತಿಂದು ಮುಗಿಸಬೇಕಾದರೆ ಯೀಸ್ಟ್ ಶೇ. 20ರವರೆಗೆ ಹೋಗಬೇಕು. ಬ್ರೆಡ್ ಯೀಸ್ಟ್ ಶೇ. 10ರಿಂದ 12ರ ಹೊತ್ತಿಗೇ ತಾನು ಮಾಡಿದ ಆಲ್ಕೋಹಾಲಿನಲ್ಲೇ ಸುಸ್ತಾಗಿ ತಳ ಸೇರುತ್ತದೆ. ಲೀಟರಿಗೆ 130 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಕ್ಕರೆ ಹಾಗೇ ಉಳಿದಿದೆ. ನಿಮ್ಮ ನಾಲಿಗೆ ಹೇಳುತ್ತಿರುವುದು ಅದನ್ನೇ. ಈ ಯೀಸ್ಟ್ ಸತ್ತಿರಲೇಬೇಕು ಎಂದೇನಿಲ್ಲ. ಬೇಸಿಗೆಯ ಶಾಖ ತಗುಲಿದಾಗ, ಅಥವಾ ಸ್ವಲ್ಪ ನೀರು ಬೆರೆತಾಗ ಮತ್ತೆ ಎದ್ದು ಕೂರಬಹುದು. ಆಗ ಅದು ಮುಚ್ಚಿದ ಬಾಟಲಿಯೊಳಗಿದ್ದರೆ ಅಪಾಯ.

ಸರಿಪಡಿಸಲು ದಾರಿ ಇದೆ. ಬೇರೆ ಪಾತ್ರೆಯಲ್ಲಿ ಅರ್ಧ ದ್ರಾಕ್ಷಿ ರಸ, ಅರ್ಧ ನೀರು ಬೆರೆಸಿ, ಸಕ್ಕರೆ ಹಾಕದೆ, ಹೊಸ ಯೀಸ್ಟ್ ಕೊಟ್ಟು ಹುದುಗಲು ಬಿಡಿ. ಎರಡನೇ ದಿನ ಚೆನ್ನಾಗಿ ನೊರೆ ಎದ್ದಾಗ ಹಳೆಯ ವೈನನ್ನು ಒಂದೊಂದು ಲೋಟದಂತೆ ನಾಲ್ಕೈದು ಗಂಟೆಗೊಮ್ಮೆ ಸೇರಿಸುತ್ತಾ ಬನ್ನಿ. ಕೊನೆಗೆ ಹಳೆಯದೂ ಹೊಸದೂ ಸಮಪಾಲಾಗಲಿ. ಆಗ ಆಲ್ಕೋಹಾಲ್ ಅರ್ಧಕ್ಕೆ ಇಳಿಯುತ್ತದೆ, ಉಳಿದ ಸಕ್ಕರೆ ಶೇ. 12ರ ಆಸುಪಾಸಿನಲ್ಲೇ ಕರಗುವ ಮಟ್ಟಕ್ಕೆ ಬರುತ್ತದೆ. ಎಲ್ಲವನ್ನೂ ಒಮ್ಮೆಲೇ ಸುರಿದರೆ ಹೊಸ ಯೀಸ್ಟ್ ಕೂಡ ಹಳೆಯದರ ಗತಿಯನ್ನೇ ಕಾಣುತ್ತದೆ.

ಮುಂದಿನ ಸಲಕ್ಕೆ ಅಳತೆ: 2 ಕೆ.ಜಿ. ದ್ರಾಕ್ಷಿಗೆ 2 ಲೀಟರ್ ನೀರು, 500 ಗ್ರಾಂ ಸಕ್ಕರೆ. ಸುಮಾರು ಶೇ. 11.5ರಿಂದ 12ರಷ್ಟು ಬರುತ್ತದೆ, ಬ್ರೆಡ್ ಯೀಸ್ಟಿನ ಕೈಗೂ ಎಟುಕುತ್ತದೆ. ಸಿಹಿ ಬೇಕಾದರೆ ಕೊನೆಯಲ್ಲಿ ಸೇರಿಸುವುದು ಸರಿಯಾದ ಕ್ರಮ. ಇನ್ನು 21 ದಿನ ಎಂಬುದು ಮನೆಮನೆಯಲ್ಲಿ ನಡೆದು ಬಂದ ಲೆಕ್ಕ. ಯೀಸ್ಟಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಏಪ್ರಿಲಿನಲ್ಲಿ 8 ದಿನಕ್ಕೆ ಆಗುವ ಕೆಲಸ ಡಿಸೆಂಬರಿನಲ್ಲಿ 30 ದಿನ ಹಿಡಿಯಬಹುದು.

ಪ್ರಶ್ನೆ: ಹೈಡ್ರೋಮೀಟರ್ ತಂದಿದ್ದೇನೆ. ಯಾವ ಅಂಕ ಬಂದರೆ ಮುಗಿದಂತೆ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಒಂದು ಅಂಕ ಸಾಲದು. ಅದೇ ಅಂಕ ಮತ್ತೆ ಮತ್ತೆ ಬರಬೇಕು.

ಹೈಡ್ರೋಮೀಟರ್ ಎಂದರೆ ದ್ರವದಲ್ಲಿ ತೇಲಿ, ಅದು ನೀರಿಗಿಂತ ಎಷ್ಟು ಭಾರ ಅಥವಾ ಹಗುರ ಎಂದು ತೋರಿಸುವ ಗಾಜಿನ ಕಡ್ಡಿ. ನೀರಿನ ಅಂಕ 1.000. ಮೊದಲು ನೀವು ತಂದದ್ದು ಯಾವುದು ಎಂದು ನೋಡಿ. ವೈನಿಗೆ 0.980 ಅಥವಾ 0.990ರಿಂದ ಶುರುವಾಗಿ 1.120ರಾಚೆ ಹೋಗುವ ಹೈಡ್ರೋಮೀಟರ್ ಬೇಕು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ 1.000ರಿಂದಲೇ ಶುರುವಾಗುವವೂ ಸಿಗುತ್ತವೆ. ಪೂರ್ತಿ ಹುದುಗಿದ ವೈನಿನಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ನೀರಿಗಿಂತ ಹಗುರ. ಅಂಥ ಹೈಡ್ರೋಮೀಟರ್ ಅಂಕವೇ ಇಲ್ಲದ ಕಡೆಗೆ ಮುಳುಗಿ ಹೋಗುತ್ತದೆ.

ಹಾಕಿದ ದಿನವೇ ಒಂದು ಅಳತೆ ಬರೆದಿಡಿ. ಮೇಲೆ ಮುಂದಿನ ಸಲಕ್ಕೆಂದು ಹೇಳಿದ ಅಳತೆಯ ವೈನಿಗೆ ಅದು 1.080 ಆಸುಪಾಸು ಬರುತ್ತದೆ. ಮುಗಿದಾಗ ಸಾಮಾನ್ಯವಾಗಿ 0.990ರಿಂದ 0.998ರ ನಡುವೆ. ಮೊದಲ ಅಂಕದಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾವಾರು ಸಿಗುತ್ತದೆ. 1.080 ಇದ್ದದ್ದು 0.994ಕ್ಕೆ ಬಂದರೆ ಶೇ. 11.3.

ಅಳೆಯುವ ಮುನ್ನ ಮಾದರಿಯನ್ನು ಎರಡು ಲೋಟಗಳ ನಡುವೆ, ಕಾಫಿ ಎತ್ತಿ ಹೊಯ್ಯುವಂತೆ, ಏಳೆಂಟು ಸಲ ಹೊಯ್ದಾಡಿಸಿ. ಅದರಲ್ಲಿ ಕರಗಿರುವ ಗ್ಯಾಸ್ ಹೋಗಬೇಕು. ಇಲ್ಲದಿದ್ದರೆ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಅಂಕ ಸುಳ್ಳು ಹೆಚ್ಚಾಗುತ್ತದೆ. ಕೊಳವೆಯಲ್ಲಿ ಬಿಟ್ಟ ಮೇಲೆ ಬೆರಳಿನಿಂದ ಒಮ್ಮೆ ತಿರುಗಿಸಿ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಗಾಜಿನ ಅಂಚಿಗೆ ಏರಿದ ಭಾಗವನ್ನು ಬಿಟ್ಟು ನಡುವಿನ ಸಮತಟ್ಟನ್ನು ಓದಿ. ಹೆಚ್ಚಿನ ಹೈಡ್ರೋಮೀಟರುಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದವು. ನಿಮ್ಮ ವೈನ್ 28 ಡಿಗ್ರಿ ಇದ್ದರೆ ಬಂದ ಅಂಕಕ್ಕೆ 0.002 ಕೂಡಿಸಿ. ಬೆಳಗಿನ ತಂಪಿನಲ್ಲಿ ಒಂದು ದಿನ, ಮಧ್ಯಾಹ್ನದ ಸೆಕೆಯಲ್ಲಿ ಇನ್ನೊಂದು ದಿನ ಅಳೆದು ‘ಅಂಕ ಬದಲಾಯಿತು’ ಎಂದು ಗಾಬರಿಪಡುವವರಿದ್ದಾರೆ. ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಿರಿ.

ಇನ್ನು ಪರೀಕ್ಷೆ. ಎರಡು ದಿನಕ್ಕೊಮ್ಮೆ ಅಳೆಯಿರಿ. ಮೂರು ಸಲ ಒಂದೇ ಅಂಕ ಬಂದು, ಅದು 0.998 ಅಥವಾ ಅದಕ್ಕಿಂತ ಕೆಳಗಿದ್ದರೆ ಮುಗಿದಿದೆ. 0.002ರಷ್ಟು ಇಳಿದರೂ ಕಾಯಿರಿ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆಂದರೆ, 0.002 ಎಂದರೆ ಲೀಟರಿಗೆ 4ರಿಂದ 5 ಗ್ರಾಂ ಸಕ್ಕರೆ. ಮುಚ್ಚಿದ ಬಾಟಲಿಯಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಶಾಂಪೇನ್ ಮಾಡುವವರು ಬಾಟಲಿಯೊಳಗೆ ಲೀಟರಿಗೆ 24 ಗ್ರಾಂ ಸಕ್ಕರೆ ಹಾಕಿ 6 ವಾತಾವರಣದ ಒತ್ತಡ ಬರಿಸುತ್ತಾರೆ. ಅದಕ್ಕೇ ಅವರ ಬಾಟಲಿ ಅಷ್ಟು ದಪ್ಪ, ಬಿರಡೆಗೆ ತಂತಿಯ ಕಟ್ಟು. ನಮ್ಮ ಅಡುಗೆಮನೆಯ ಜ್ಯೂಸ್ ಬಾಟಲಿ ಅದರ ಅರ್ಧಕ್ಕೂ ತಾಳುವುದಿಲ್ಲ.

ಪ್ರಶ್ನೆ: ಕಬ್ಬಿನ ಬ್ರಿಕ್ಸ್ (ನೂರಕ್ಕೆ ಎಷ್ಟು ಸಕ್ಕರೆ ಎಂಬ ಅಂಕ) ನೋಡುವ ರಿಫ್ರಾಕ್ಟೋಮೀಟರ್ ನಮ್ಮಲ್ಲಿದೆ. ನೇರಳೆ ಹಣ್ಣಿನ ವೈನ್ 22ರಲ್ಲಿ ಶುರುವಾಗಿ 7ಕ್ಕೆ ಬಂದು ಹತ್ತು ದಿನದಿಂದ ಅಲ್ಲೇ ನಿಂತಿದೆ. ಇನ್ನೂ 7ರಷ್ಟು ಸಕ್ಕರೆ ಉಳಿದಿದೆಯಲ್ಲವೇ?
— ಓದುಗರು, ಮದ್ದೂರು

ಉತ್ತರ: ಇಲ್ಲ, ನಿಮ್ಮ ವೈನ್ ಬಹುಶಃ ಮುಗಿದೇ ಹೋಗಿದೆ. ಈ ಉಪಕರಣ ಬೆಳಕು ಎಷ್ಟು ಬಾಗುತ್ತದೆ ಎಂದು ನೋಡುತ್ತದೆಯೇ ಹೊರತು ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕಬ್ಬಿನ ಹಾಲಿನಲ್ಲಿ ಬಾಗಿಸುವುದು ಹೆಚ್ಚು ಕಡಿಮೆ ಸಕ್ಕರೆಯೇ ಆದ್ದರಿಂದ ಲೆಕ್ಕ ಸರಿ. ವೈನಿನಲ್ಲಿ ಆಲ್ಕೋಹಾಲ್ ಕೂಡ ಬೆಳಕನ್ನು ಬಾಗಿಸುತ್ತದೆ. 22 ಬ್ರಿಕ್ಸ್‌ನಿಂದ ಹೊರಟು ಒಂದು ಹನಿ ಸಿಹಿ ಉಳಿಯದಂತೆ ಹುದುಗಿದ ವೈನ್ ಕೂಡ ಇದರಲ್ಲಿ 7ರ ಹತ್ತಿರವೇ ತೋರಿಸುತ್ತದೆ. ಶುರುವಿನ ಅಳತೆಗೆ ಅದು ಒಳ್ಳೆಯದು, ಕೊನೆಯ ಅಳತೆಗೆ ಅಲ್ಲ. ತೇಲುವ ಬ್ರಿಕ್ಸ್ ಹೈಡ್ರೋಮೀಟರ್ ಇದ್ದರೆ ಅದನ್ನು ಬಳಸಿ. ಮುಗಿದ ವೈನಿನಲ್ಲಿ ಅದು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ನೇರಳೆಯ ಒಗರನ್ನು ‘ಸಿಹಿ ಇಲ್ಲ’ ಎಂದು ತಪ್ಪು ತಿಳಿಯುವುದು ಸುಲಭ. ಹಾಗಾಗಿ ಈ ಹಣ್ಣಿನ ಮಟ್ಟಿಗೆ ನಾಲಿಗೆಯೊಂದನ್ನೇ ನಂಬಬೇಡಿ.

ಪ್ರಶ್ನೆ: ಡೈರಿಯ ಲ್ಯಾಕ್ಟೋಮೀಟರ್ ಇದೆ, ಟ್ರ್ಯಾಕ್ಟರ್ ಬ್ಯಾಟರಿ ನೋಡುವ ಹೈಡ್ರೋಮೀಟರ್ ಇದೆ. ಇವುಗಳಲ್ಲಿ ಯಾವುದಾದರೂ ನಡೆಯುತ್ತದೆಯೇ? ಯಾವ ಉಪಕರಣವೂ ಇಲ್ಲದೆ ತಿಳಿಯುವ ದಾರಿ ಇದೆಯೇ?
— ಓದುಗರು, ಪಾಂಡವಪುರ

ಉತ್ತರ: ಬ್ಯಾಟರಿಯದನ್ನು ವೈನಿನ ಹತ್ತಿರ ತರಲೇಬೇಡಿ. ಅದರಲ್ಲಿ ಆಸಿಡ್ಡೂ ಸೀಸವೂ ಅಂಟಿರುತ್ತವೆ. ಅದರ ಅಂಕಗಳೂ 1.100ರಿಂದ ಮೇಲಿನವು. ಲ್ಯಾಕ್ಟೋಮೀಟರ್ ಹಾಲಿಗೆಂದು ಮಾಡಿದ್ದು. ನೀರಿಗಿಂತ ಹಗುರವಾದದ್ದನ್ನು ಅಳೆಯುವ ಅಂಕ ಅದರಲ್ಲಿಲ್ಲ, ನಿಮಗೆ ಬೇಕಾದ ಕೊನೆಯ ಭಾಗವೇ ಕಾಣುವುದಿಲ್ಲ.

ಉಪಕರಣವಿಲ್ಲದವರಿಗೆ ನಾವು ಹೇಳುವ ಮೊದಲ ದಾರಿ ತಕ್ಕಡಿ. ಹುದುಗುವಾಗ ಸಕ್ಕರೆಯ ಅರ್ಧದಷ್ಟು ತೂಕ ಗ್ಯಾಸಾಗಿ ಹಾರಿ ಹೋಗುತ್ತದೆ: 100 ಗ್ರಾಂ ಸಕ್ಕರೆಗೆ ಸುಮಾರು 50 ಗ್ರಾಂ. ಏರ್‌ಲಾಕ್ (ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ನೀರಿನ ಕೊಳವೆ) ಹಾಕಿದ 5 ಲೀಟರ್ ಜಾಡಿಯನ್ನು 10 ಕೆ.ಜಿ.ವರೆಗೆ ತೂಗುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ದಿನಾ ಒಂದೇ ಹೊತ್ತಿಗೆ ಇಟ್ಟು ತೂಕ ಬರೆಯಿರಿ. ಭರದಿಂದ ಹುದುಗುವ ದಿನಗಳಲ್ಲಿ ದಿನಕ್ಕೆ 60–80 ಗ್ರಾಂ ಇಳಿಯುತ್ತದೆ, ಆಮೇಲೆ 20, 10, 3. ಕೊನೆಗೆ ಒಂದು ವಾರದಲ್ಲಿ 5 ಗ್ರಾಂಗಿಂತ ಕಡಿಮೆ ಇಳಿದರೆ, ಮತ್ತು ರುಚಿಯಲ್ಲಿ ಸಿಹಿ ಇಲ್ಲದಿದ್ದರೆ, ಮುಗಿದಿದೆ ಎನ್ನಬಹುದು. ಬರೀ ಬಟ್ಟೆ ಕಟ್ಟಿದ ಜಾಡಿಗೆ ಈ ಲೆಕ್ಕ ಬಾರದು, ನೀರಿನ ಆವಿಯೂ ಹೋಗುತ್ತದೆ. ನಡುವೆ ರುಚಿ ನೋಡಲು ತೆಗೆದರೆ ಅದನ್ನೂ ತೂಗಿ ಲೆಕ್ಕಕ್ಕೆ ಸೇರಿಸಿ.

ಎರಡನೆಯದು ಪ್ಲಾಸ್ಟಿಕ್ ಬಾಟಲಿಯ ಪರೀಕ್ಷೆ. ಅರ್ಧ ಲೀಟರಿನ ಸೋಡಾ ಬಾಟಲಿ ತೊಳೆದು ಮುಕ್ಕಾಲು ಭಾಗ ವೈನ್ ತುಂಬಿ, ಚೆನ್ನಾಗಿ ಕುಲುಕಿ ಗ್ಯಾಸ್ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೆ, ಬಾಟಲಿಯ ಪಕ್ಕ ಒಳಕ್ಕೆ ತಗ್ಗುವಂತೆ ಹಿಸುಕಿ ಹಿಡಿದೇ ಮುಚ್ಚಳ ಬಿಗಿಯಿರಿ. ಒಲೆಯ ಹತ್ತಿರದ ಬೆಚ್ಚನೆಯ ಜಾಗದಲ್ಲಿ ಐದು ದಿನ ಇಡಿ. ತಗ್ಗು ಹಾಗೇ ಇದ್ದರೆ ಒಳ್ಳೆಯದು. ಉಬ್ಬಿ ಕಲ್ಲಿನಂತಾದರೆ ಜಾಡಿಯಲ್ಲಿರುವುದು ಇನ್ನೂ ಹುದುಗುತ್ತಿದೆ, ಅಥವಾ ಚಳಿಗೆ ನಿಂತು ಶಾಖಕ್ಕೆ ಕಾಯುತ್ತಿದೆ. ಎರಡೂ ಪರೀಕ್ಷೆ ಒಂದೇ ಮಾತು ಹೇಳಿದರೆ ಮಾತ್ರ ಬಾಟಲಿಗೆ ಕೈ ಹಾಕಿ.

ಏರ್‌ಲಾಕಿನ ಗುಳ್ಳೆಯನ್ನು ನಾವು ಸಾಕ್ಷಿಯೆಂದು ಒಪ್ಪುವುದಿಲ್ಲ. ಮುಚ್ಚಳದ ರಬ್ಬರ್ ಸ್ವಲ್ಪ ಸಡಿಲವಾಗಿದ್ದರೆ ಭರದಿಂದ ಹುದುಗುತ್ತಿರುವಾಗಲೂ ಒಂದು ಗುಳ್ಳೆ ಕಾಣುವುದಿಲ್ಲ. ಮುಗಿದ ವೈನ್ ಕೂಡ ಮಧ್ಯಾಹ್ನದ ಬಿಸಿಗೆ ಕರಗಿದ ಗ್ಯಾಸನ್ನು ಬಿಟ್ಟು ಗುಳ್ಳೆ ತೋರಿಸುತ್ತದೆ.

ಪ್ರಶ್ನೆ: ಸಕ್ಕರೆ ಕಾಯಿಲೆಯವರ ಗ್ಲುಕೋಮೀಟರಿನಲ್ಲಿ ನೋಡಬಹುದೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ಅದು ಗ್ಲುಕೋಸ್ ಮಾತ್ರ ನೋಡುತ್ತದೆ, ಅದೂ ರಕ್ತದಲ್ಲಿ. ಯೀಸ್ಟ್ ಮೊದಲು ತಿನ್ನುವುದು ಗ್ಲುಕೋಸನ್ನು, ಕೊನೆಗೆ ಉಳಿಯುವುದು ಫ್ರಕ್ಟೋಸ್. ಮೀಟರ್ ಸೊನ್ನೆ ಎಂದರೂ ಸಿಹಿ ಉಳಿದಿರಬಹುದು. ಕಾಲೇಜಿನಲ್ಲಿ ಕಲಿತ ಬೆನೆಡಿಕ್ಟ್ ದ್ರಾವಣ ಎರಡನ್ನೂ ಹಿಡಿಯುತ್ತದೆ: 5 ಮಿ.ಲೀ. ದ್ರಾವಣಕ್ಕೆ 8 ಹನಿ ವೈನ್ ಹಾಕಿ ಎರಡು ನಿಮಿಷ ಕುದಿಸಿ. ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಬಂದರೆ ಸಕ್ಕರೆ ಧಾರಾಳವಾಗಿದೆ. ಆದರೆ ನೀಲಿ ಅಥವಾ ತಿಳಿಹಸಿರು ಬಂದ ಮಾತ್ರಕ್ಕೆ ನಿಶ್ಚಿಂತೆ ಬೇಡ, ಲೀಟರಿಗೆ 4–5 ಗ್ರಾಂ ಇದರ ಕಣ್ಣು ತಪ್ಪಿಸುತ್ತದೆ.

ಪ್ರಶ್ನೆ: ಅನಾನಸಿಗೆ ಸಕ್ಕರೆ ಬದಲು ಬೆಲ್ಲ ಹಾಕಿದ್ದೇನೆ. ಹೈಡ್ರೋಮೀಟರ್ 1.004ರಿಂದ ಕೆಳಗೆ ಇಳಿಯುತ್ತಿಲ್ಲ, ಒಂದು ವಾರ ಆಯಿತು. ಕೊಳೆತ ಮೊಟ್ಟೆಯ ವಾಸನೆಯೂ ಇದೆ.
— ಓದುಗರು, ಮಂಡ್ಯ

ಉತ್ತರ: ಬೆಲ್ಲದ ವೈನಿಗೆ 0.998ರ ನಿಯಮ ಹಿಡಿಯಬಾರದು. ಬೆಲ್ಲದಲ್ಲಿ ನೂರಕ್ಕೆ ಸುಮಾರು 85ರಷ್ಟು ಹುದುಗುವ ಸಕ್ಕರೆ. ಉಳಿದದ್ದರಲ್ಲಿ ಖನಿಜ, ಅಂಟು, ಬಣ್ಣದ ಅಂಶ ಸೇರಿವೆ. ಅವು ಹುದುಗುವುದಿಲ್ಲ, ಕರಗಿಕೊಂಡೇ ಇದ್ದು ತೂಕ ಹೆಚ್ಚಿಸುತ್ತವೆ. 1.000ರಿಂದ 1.006ರವರೆಗೆ ನಿಲ್ಲುವುದು ಸಹಜ. ಒಂದು ವಾರ ಅಲುಗದೆ ನಿಂತು, ಮೇಲೆ ಹೇಳಿದ ಪ್ಲಾಸ್ಟಿಕ್ ಬಾಟಲಿಯೂ ಉಬ್ಬದಿದ್ದರೆ ಮುಗಿದಂತೆ.

ವಾಸನೆ ಗಂಧಕದ್ದು. ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕುತ್ತಾರೆ. ಅದರ ಗಂಧಕವನ್ನು ಯೀಸ್ಟ್ ಕೊಳೆತ ಮೊಟ್ಟೆಯ ಗ್ಯಾಸಾಗಿ ತಿರುಗಿಸಬಲ್ಲದು. ಪೌಷ್ಟಿಕಾಂಶ ಸಾಲದ ಯೀಸ್ಟ್ ಕೂಡ ಇದೇ ವಾಸನೆ ಬಿಡುತ್ತದೆ. ಮಡ್ಡಿ ಬಿಟ್ಟು ತಿಳಿಯನ್ನು ಪೈಪಿನಲ್ಲಿ ಎಳೆದು, ಈ ಒಂದು ಸಲ ಮಾತ್ರ ಎತ್ತರದಿಂದ ಧಾರೆಯಾಗಿ ಬೀಳುವಂತೆ ಬೇರೆ ಜಾಡಿಗೆ ತುಂಬಿ. ವಾಸನೆ ಬಹುಮಟ್ಟಿಗೆ ಹಾರಿ ಹೋಗುತ್ತದೆ. ಮುಂದಿನ ಸಲ ಹಳದಿ ಮಿಂಚಿನ ಅಚ್ಚು ಬಿಟ್ಟು ಕಪ್ಪು ಕಂದು ಬಣ್ಣದ ಬೆಲ್ಲ ತನ್ನಿ.

ಪ್ರಶ್ನೆ: ಡಿಸೆಂಬರಿನಲ್ಲಿ ಹಾಕಿದ ವೈನ್ 1.090ರಿಂದ 1.040ಕ್ಕೆ ಬಂದು ನಿಂತುಬಿಟ್ಟಿದೆ. ಮನೆಯಲ್ಲಿರುವ ಡಿ.ಎ.ಪಿ. ಸ್ವಲ್ಪ ಹಾಕಿದರೆ ಎದ್ದೇಳುತ್ತದೆ ಎಂದು ಯಾರೋ ಹೇಳಿದರು.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಗೊಬ್ಬರದ ಚೀಲದ ಡಿ.ಎ.ಪಿ. ಖಂಡಿತ ಬೇಡ. ಯೀಸ್ಟಿಗೆ ಸಾರಜನಕ ಬೇಕೆಂಬುದು ನಿಜ, ವೈನ್ ಮಾಡುವವರು ಡೈ ಅಮೋನಿಯಂ ಫಾಸ್ಫೇಟ್ ಬಳಸುವುದೂ ನಿಜ. ಆದರೆ ಅದು ಆಹಾರ ದರ್ಜೆಯದು. ಗೊಬ್ಬರದಲ್ಲಿ ಭಾರಲೋಹದ ಕಲ್ಮಶಗಳಿರಬಹುದು, ಅದು ಹೊಟ್ಟೆಗೆ ಸೇರುವ ವಸ್ತುವಲ್ಲ. ಮನೆಯಲ್ಲೇ ಬದಲಿ ಇದೆ: ಒಂದು ಚಮಚ ಬ್ರೆಡ್ ಯೀಸ್ಟನ್ನು ಅರ್ಧ ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿ ಹಾಕಿ. ಸತ್ತ ಯೀಸ್ಟೇ ಬದುಕಿರುವ ಯೀಸ್ಟಿಗೆ ಆಹಾರ.

ಅದಕ್ಕೂ ಮೊದಲು ಚಳಿ ನೋಡಿ. ಈ ಭಾಗದಲ್ಲಿ ಡಿಸೆಂಬರ್ ರಾತ್ರಿ 16–17 ಡಿಗ್ರಿಗೆ ಇಳಿಯುತ್ತದೆ. ದೋಸೆ ಹಿಟ್ಟು ಬೆಳಿಗ್ಗೆ ಉಬ್ಬದಿದ್ದರೆ ವೈನಿಗೂ ಅದೇ ತೊಂದರೆ ಎಂದು ತಿಳಿಯಿರಿ. ಜಾಡಿ ತಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲಿದ್ದರೆ ಎತ್ತಿ ಮಣೆಯ ಮೇಲಿಡಿ, ಕಂಬಳಿ ಸುತ್ತಿ, ಒಲೆ ಇರುವ ಕೋಣೆಗೆ ತನ್ನಿ. 22ರಿಂದ 25 ಡಿಗ್ರಿಗೆ ಬಂದ ಮೇಲೆ ಶುಚಿಯಾದ ಮರದ ಸೌಟಿನಿಂದ ತಳದ ಮಡ್ಡಿಯನ್ನು ಮೆಲ್ಲಗೆ ಕದಡಿ. ಹೆಚ್ಚಿನ ಸಲ ಇಷ್ಟಕ್ಕೇ ಎರಡು ದಿನದಲ್ಲಿ ಚುರುಕಾಗುತ್ತದೆ.

ಆಗಲಿಲ್ಲವೆಂದರೆ ಹೊಸ ಯೀಸ್ಟ್. 5 ಗ್ರಾಂ ಯೀಸ್ಟನ್ನು 38 ಡಿಗ್ರಿಯ, ಅಂದರೆ ಕೈಗೆ ಉಗುರುಬೆಚ್ಚಗಾಗುವ, 50 ಮಿ.ಲೀ. ನೀರಿಗೆ ಚಿಟಿಕೆ ಸಕ್ಕರೆಯೊಂದಿಗೆ ಹಾಕಿ 15 ನಿಮಿಷ ಬಿಡಿ. ಅಷ್ಟೇ ಅಳತೆಯ ನಿಂತ ವೈನ್ ಸೇರಿಸಿ ನೊರೆ ಬರುವವರೆಗೆ ಕಾಯಿರಿ. ಆಮೇಲೆ ಅದರ ಸಮಕ್ಕೆ ಮತ್ತಷ್ಟು. ಹೀಗೆ ದುಪ್ಪಟ್ಟಾಗುತ್ತಾ ಒಂದು ಲೀಟರ್ ಆದಾಗ ಜಾಡಿಗೆ ಸುರಿಯಿರಿ. ಒಣ ಯೀಸ್ಟನ್ನು ನೇರವಾಗಿ ಮೇಲೆ ಉದುರಿಸಿದರೆ ಆಲ್ಕೋಹಾಲಿನ ಹೊಡೆತಕ್ಕೆ ಬಹುಪಾಲು ಸಾಯುತ್ತದೆ.

ಪ್ರಶ್ನೆ: ಬಾಳೆಹಣ್ಣಿನ ವೈನ್ ಎರಡು ತಿಂಗಳಾದರೂ ತಿಳಿಯಾಗಿಲ್ಲ. ಇನ್ನೂ ಹುದುಗುತ್ತಿದೆಯೇ?
— ಓದುಗರು, ನಂಜನಗೂಡು

ಉತ್ತರ: ಮಬ್ಬಿಗೂ ಹುದುಗುವಿಕೆಗೂ ಗಂಟು ಹಾಕಬೇಡಿ. ಬಾಳೆಹಣ್ಣಿನಲ್ಲಿ ಪೆಕ್ಟಿನ್ ಇರುತ್ತದೆ, ಪೂರ್ತಿ ಕಳಿಯದ ಹಣ್ಣಿನಲ್ಲಿ ಪಿಷ್ಟವೂ ಇರುತ್ತದೆ. ಎರಡೂ ಮಬ್ಬು ಉಳಿಸುತ್ತವೆ. ಒಂದು ಚಮಚ ವೈನಿಗೆ ಒಂದು ಹನಿ ಅಯೋಡಿನ್ ಹಾಕಿ, ನೀಲಿಯಾದರೆ ಪಿಷ್ಟ. ಆ ಚಮಚದ್ದನ್ನು ಚೆಲ್ಲಿಬಿಡಿ. ಮುಂದೆ ರಸಬಾಳೆಯಾಗಲಿ ಪಚ್ಚಬಾಳೆಯಾಗಲಿ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬುವಷ್ಟು ಕಳಿತದ್ದನ್ನೇ ಬಳಸಿ.

ಪ್ರಶ್ನೆ: ಮನೆಯಲ್ಲಿ ವೈನ್ ಮಾಡುವುದು ಕಾನೂನಿಗೆ ಒಪ್ಪಿಗೆಯೇ?
— ಓದುಗರು, ಮೈಸೂರು

ಉತ್ತರ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೆ ಪರವಾನಗಿ ಬೇಕು. ಹಬ್ಬಕ್ಕೆಂದು ಮಾಡುವ ಪದ್ಧತಿ ಇದೆ ಎಂಬುದು ಪರವಾನಗಿಯಲ್ಲ. ನಿಮ್ಮ ವ್ಯಾಪ್ತಿಯ ಅಬಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಮಾರುವುದು, ಭಟ್ಟಿ ಇಳಿಸುವುದು ಎರಡಕ್ಕೂ ಹೋಗಲೇಬೇಡಿ.

ಪ್ರಶ್ನೆ: ಮುಗಿದಿದೆ ಎಂದು ಖಚಿತವಾಯಿತು. ಮುಂದೇನು? ಹೋದ ಸಲ ಇದೇ ಹಂತದಲ್ಲಿ ಹುಳಿಯಾಯಿತು.
— ಓದುಗರು, ಹುಣಸೂರು

ಉತ್ತರ: ಹುದುಗುವಷ್ಟು ದಿನ ಏಳುವ ಗ್ಯಾಸೇ ವೈನಿನ ಮೇಲೆ ಹೊದಿಕೆಯಂತೆ ನಿಂತು ಗಾಳಿಯನ್ನು ತಡೆಯುತ್ತದೆ. ಮುಗಿದ ಕೂಡಲೇ ಹೊದಿಕೆ ಹೋಯಿತು. ಹಣ್ಣಿಗೆ ಮುತ್ತುವ ಸಣ್ಣ ನೊಣಗಳು ತರುವ ಬ್ಯಾಕ್ಟೀರಿಯಾಕ್ಕೆ ಗಾಳಿ ಸಿಕ್ಕರೆ ಆಲ್ಕೋಹಾಲನ್ನು ವಿನೆಗರ್ ಮಾಡುತ್ತದೆ. ಆಮೇಲೆ ಹಿಂದಕ್ಕೆ ತರುವ ದಾರಿಯಿಲ್ಲ.

ಆದ್ದರಿಂದ ಅದೇ ದಿನ ಮಡ್ಡಿ ಬಿಟ್ಟು, ಪೈಪಿನ ತುದಿ ಹೊಸ ಜಾಡಿಯ ತಳ ಮುಟ್ಟಿರುವಂತೆ ಹಿಡಿದು, ಸದ್ದಿಲ್ಲದೆ ತುಂಬಿ. ಗಾಜಿನ ಅಥವಾ ಪಿಂಗಾಣಿ ಜಾಡಿ ಇರಲಿ, ಅಲ್ಯೂಮಿನಿಯಂ ಬೇಡ. ಕುತ್ತಿಗೆಯಲ್ಲಿ 2–3 ಸೆಂ.ಮೀ. ಮಾತ್ರ ಖಾಲಿ ಬಿಡಿ. ಜಾಡಿ ದೊಡ್ಡದಾದರೆ ಸಣ್ಣ ಜಾಡಿಗಳಿಗೆ ಹಂಚಿ. ಕೆಡದಂತೆ ಕಾಯಲು ಸ್ಕ್ವಾಷ್ ಮಾಡುವವರು ಬಳಸುವ ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಲೀಟರಿಗೆ 0.1 ಗ್ರಾಂ ಸಾಕು. ಇಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಗೆ ಸಿಗದು. 5 ಗ್ರಾಂ ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಕೊಳ್ಳಿ. ಅದರಿಂದ ಸಿರಿಂಜಿನಲ್ಲಿ 10 ಮಿ.ಲೀ. ತೆಗೆದರೆ 5 ಲೀಟರ್ ವೈನಿಗೆ ಸರಿ. ಉಬ್ಬಸ ಇರುವವರಿಗೆ ಇದು ಆಗದಿರಬಹುದು, ಕುಡಿಯಲು ಕೊಡುವಾಗ ಹೇಳಿಬಿಡಿ.

ಒಂದು ತಿಂಗಳು ತಂಪು ಜಾಗದಲ್ಲಿಟ್ಟು, ಪೂರ್ತಿ ತಿಳಿಯಾದ ಮೇಲೆ ಸಿಹಿ ಸೇರಿಸುವುದಾದರೆ ಪೊಟ್ಯಾಸಿಯಂ ಸಾರ್ಬೇಟ್ ಲೀಟರಿಗೆ 0.2 ಗ್ರಾಂ ಬೇಕೇ ಬೇಕು. ಇದು ಯೀಸ್ಟನ್ನು ಕೊಲ್ಲುವುದಿಲ್ಲ, ಹೆಚ್ಚಾಗದಂತೆ ತಡೆಯುತ್ತದೆ ಅಷ್ಟೆ. ಹಾಗಾಗಿ ಮಬ್ಬು ಇರುವಾಗ ಹಾಕಿ ಪ್ರಯೋಜನವಿಲ್ಲ. ಕೆ.ಎಂ.ಎಸ್. ಇಲ್ಲದೆ ಇದೊಂದನ್ನೇ ಹಾಕಿದರೆ ಕೆಲವು ಬ್ಯಾಕ್ಟೀರಿಯಾ ಸಾರ್ಬೇಟನ್ನೇ ಕೆಡಿಸಿ ಜೆರೇನಿಯಂ ಎಲೆಯ ವಾಸನೆ ಬರಿಸುತ್ತವೆ. ಸಕ್ಕರೆ ಬೆರೆಸಿದ ಮೇಲೂ ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಎರಡು ವಾರ ಬೆಚ್ಚಗಿಟ್ಟು ನೋಡಿ. ಅದು ಮೆತ್ತಗೇ ಇದ್ದರೆ ಉಳಿದದ್ದನ್ನು ಗಾಜಿನ ಬಾಟಲಿಗಳಿಗೆ ತುಂಬಿ.